ಬರೆದ ಸಹಿ, ಬಿಡಿಸಿದ ಸಹಿ



ಪರೀಕ್ಷೆ, ಪೇಪರು ತಿದ್ದುವುದು, ಅಂಕಪಟ್ಟಿ ಅಂತ ತಿಂಗಳಿಂದ ಏನೂ ಬರೆಯಲಾಗಲಿಲ್ಲ. ಮೊನ್ನೆ ಮಕ್ಕಳ ಪ್ರೋಗ್ರೆಸ್ ಕಾರ್ಡುಗಳು ಹೆತ್ತವರ ಸಹಿ ಹಾಕಿಸಿಕೊಂಡು ವಾಪಸು ಬಂದವು. ಮೇಜಿನ ಮೇಲಿನ ಆ ಕಟ್ಟನ್ನು ನೋಡುತ್ತಾ ಕುಳಿತಾಗ ನೆನಪಾದದ್ದು ಬೇರೊಂದು ಬಗೆಯ ಕಾರ್ಡು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಚಿಕ್ಕ ಕಾರ್ಡುಗಳಿವೆ. ಅದರ ಮೇಲೆ ಆ ಆಟಗಾರನ ಸಹಿಯೂ ಇದ್ದರೆ ಜನ ಇಂಟರ್ನೆಟ್ಟಿನ ಹರಾಜಿನಲ್ಲಿ ನೂರಾರು, ಸಾವಿರಾರು ಡಾಲರ್ ಕೊಟ್ಟು ಕೊಳ್ಳುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಯ ಮಾಷ್ಟ್ರಿಗೂ ಅದಕ್ಕೂ ಏನು ಸಂಬಂಧ ಅಂತೀರಾ? ಎರಡು ವರ್ಷದ ಹಿಂದೆ ನಮಗೂ ಯಾವ ಸಂಬಂಧವೂ ಇರಲಿಲ್ಲ. ಅದನ್ನು ನಮ್ಮ ಮನೆಯವರೆಗೆ ತಂದವನು ನಮ್ಮದೇ ಹಳೆಯ ವಿದ್ಯಾರ್ಥಿ.

ಅವನ ಹೆಸರು ಇಲ್ಲಿ ಬೇಡ. 2001ರಲ್ಲಿ ನಮ್ಮಲ್ಲಿ ಏಳನೇ ತರಗತಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲೆಯಾಳ. ನಮ್ಮ ಕಡೆಯ ಎಲ್ಲ ಮಕ್ಕಳ ಹಾಗೆ. ನೋಟ್‌ಬುಕ್ಕಿನ ರಟ್ಟಿನ ಒಳಗೆ ಅನಿಲ್ ಕುಂಬ್ಳೆಯ ಪೇಪರ್ ಚಿತ್ರ ಅಂಟಿಸಿಕೊಂಡಿದ್ದ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ತೆಗೆದವರಲ್ಲವೇ, ಮೇಲಾಗಿ ನಮ್ಮ ಕುಂಬಳೆಯ ಹೆಸರನ್ನೇ ಹೊತ್ತವರು! ಹುಡುಗ ಓದಿನಲ್ಲಿ ಚುರುಕು. ಎಂಜಿನಿಯರಿಂಗ್ ಮಾಡಿ, ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು, ಈಗ ಅಮೆರಿಕದ ಪಿಟ್ಸ್‌ಬರ್ಗ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ಹೆಂಡತಿ, ಒಬ್ಬ ಮಗ. ಮಗ ಅಲ್ಲೇ ಹುಟ್ಟಿದವನು. ಅವನಿಗೆ ಕ್ರಿಕೆಟ್ಟು ಗೊತ್ತಿಲ್ಲ, ಬೇಸ್‌ಬಾಲ್ ಅಂದರೆ ಪ್ರಾಣ.

ಈ ಶಿಷ್ಯ ನಮಗೆ ಫೋನು ಮಾಡುತ್ತಿದ್ದುದು ಸೋಮವಾರ ಬೆಳಗ್ಗೆ ಏಳು ಗಂಟೆಗೆ. ನಮ್ಮ ಮನೆಯವರು ನೀರುದೋಸೆ ಹೊಯ್ಯುವ ಹೊತ್ತು. ಅಲ್ಲಿ ಬೇಸಗೆಯಲ್ಲಿ ಆಗ ಭಾನುವಾರ ರಾತ್ರಿ ಒಂಬತ್ತೂವರೆ. "ಮಾಷ್ಟ್ರೇ, ಹತ್ತು ನಿಮಿಷದಲ್ಲಿ ಏಲಂ ಮುಗಿಯುತ್ತದೆ, ಅಷ್ಟು ಹೊತ್ತು ಮಾತಾಡೋಣ" ಅನ್ನುತ್ತಿದ್ದ. ಯಾವ ಏಲಂ ಅಂತ ಕೇಳಿದಾಗ ವಿವರಿಸಿದ. ಹಾಗೆ ಸೋಮವಾರಗಳಲ್ಲಿ, ತುಂಡು ತುಂಡಾಗಿ, ನಾವು ಈ ವಿದ್ಯೆ ಕಲಿತೆವು.

ಈ ಕಾರ್ಡುಗಳ ಮೂಲ ಕೇಳಿ ನಮಗೆ ಆಶ್ಚರ್ಯವಾಯಿತು. ನಮ್ಮ ಕಾಲದ ಮಕ್ಕಳು ಬೆಂಕಿಪೆಟ್ಟಿಗೆಯ ಚಿತ್ರ, ಆಮೇಲಿನವರು ಕುಸ್ತಿಯವರ ಟ್ರಂಪ್ ಕಾರ್ಡು ಕೂಡಿಡುತ್ತಿದ್ದರಲ್ಲ, ಹಾಗೆಯೇ ಇದು. ಹಿಂದೆ ಸಿಗರೇಟು ಕಂಪನಿಗಳು ಪೆಟ್ಟಿಗೆ ಮುದುಡದಿರಲಿ ಅಂತ ಒಳಗೆ ಒಂದು ದಪ್ಪ ಕಾಗದ ಇಡುತ್ತಿದ್ದವು. ಅದರ ಮೇಲೆ ಆಟಗಾರರ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಎಂಬುದು ಉಪಾಯ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಸಾಲಿನಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೂ ಇತ್ತು. ಆತ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದವನು. ತನ್ನ ಕಾರ್ಡು ನಿಲ್ಲಿಸಿ ಅಂದನಂತೆ. ಮಕ್ಕಳು ಕಾರ್ಡಿನ ಆಸೆಗೆ ತಂಬಾಕು ಕೊಳ್ಳಬಾರದು ಅಂತ ಹಾಗೆ ಮಾಡಿದ ಎನ್ನುವವರಿದ್ದಾರೆ, ತನಗೆ ದುಡ್ಡು ಕೊಡಲಿಲ್ಲ ಅಂತ ಎನ್ನುವವರೂ ಇದ್ದಾರೆ. ಅಂತೂ ಉಳಿದಿರುವುದು ಐವತ್ತು ಅರವತ್ತು ಕಾರ್ಡು. ಅದರಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಲೆಕ್ಕ ಹಾಕಿ ನೋಡಿ, ನಮ್ಮಂಥವರ ಎಷ್ಟು ಜನ್ಮದ ಸಂಬಳ!

ಸಿಗರೇಟಿನ ನಂತರ ಕಾರ್ಡು ಚೂಯಿಂಗ್ ಗಮ್ಮಿನ ಜೊತೆ ಬಂತು. ಟಾಪ್ಸ್ ಎಂಬ ಕಂಪನಿಯ 1952ರ ಕಾರ್ಡುಗಳು ಮಾರಾಟವಾಗದೆ ಗೋದಾಮಿನಲ್ಲಿ ಉಳಿದು, ಕೊನೆಗೆ 1960ರಲ್ಲಿ ಅವನ್ನು ದೋಣಿಯಲ್ಲಿ ಕೊಂಡೊಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವು ಅಂತ ಆ ಕಂಪನಿಯ ಅಧಿಕಾರಿಯೇ ಹೇಳಿದ್ದರು. ಅದೇ 1952ರ ಸಾಲಿನ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022ರ ಆಗಸ್ಟಿನಲ್ಲಿ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಸಮುದ್ರಕ್ಕೆ ಎಸೆದದ್ದಕ್ಕೂ ಕಾಲ ಬಂದರೆ ಬೆಲೆ ಬರುತ್ತದೆ. ನಮ್ಮ ಶಾಲೆಗಳಿಗೂ ಅಂಥ ಕಾಲ ಬರಲಿ ಅಂತ ಆಶೆ, ಇರಲಿ.

ಇನ್ನು ಏಲಂ. ಭಜನಾ ಮಂದಿರದ ವಾರ್ಷಿಕೋತ್ಸವದಲ್ಲಿ ಹಲಸಿನ ಹಣ್ಣು, ಬಾಳೆಗೊನೆ ಏಲಂ ಹಾಕುವುದು ನಮಗೆಲ್ಲ ಗೊತ್ತು. ಕೂಗುವವರು ಎದುರಿಗೇ ಇರುತ್ತಾರೆ, ಯಾರು ಯಾರ ಮೇಲೆ ಹಟಕ್ಕೆ ಬಿದ್ದಿದ್ದಾರೆ ಅಂತ ಮುಖ ನೋಡಿದರೆ ತಿಳಿಯುತ್ತದೆ. ಇಂಟರ್ನೆಟ್ಟಿನ ಏಲಂನಲ್ಲಿ ಮುಖವೇ ಇಲ್ಲ. ನೀವು ಗರಿಷ್ಠ ಎಷ್ಟು ಕೊಡಬಲ್ಲಿರಿ ಎಂಬುದನ್ನು ಮೊದಲೇ ಬರೆದಿಡಬೇಕು. ನೀವು 500 ಡಾಲರ್ ಅಂತ ಬರೆದಿಟ್ಟರೆ ಅಷ್ಟೂ ಹೋಗುವುದಿಲ್ಲ. ಎರಡನೆಯವನು ಎಲ್ಲಿ ನಿಲ್ಲುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಕಂಪ್ಯೂಟರು ನಿಮ್ಮ ಪರವಾಗಿ ಕೂಗಿ ನಿಲ್ಲಿಸುತ್ತದೆ. ಅನುಭವಸ್ಥರು ಕೊನೆಯ ಐದಾರು ಸೆಕೆಂಡಿನವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಕೂಗುತ್ತಾರೆ, ಎದುರಿನವನಿಗೆ ಯೋಚಿಸಲೂ ಸಮಯ ಇರಬಾರದು ಅಂತ. ನಮ್ಮ ಶಿಷ್ಯ ಫೋನಿನಲ್ಲಿ ಮಾತಾಡುತ್ತಾ ಕಾಯುತ್ತಿದ್ದುದು ಆ ಐದು ಸೆಕೆಂಡಿಗೆ.

ಮುಖವಿಲ್ಲದ ಜಾಗದಲ್ಲಿ ಮೋಸಕ್ಕೆ ದಾರಿ ಹೆಚ್ಚು. ಮಾರುವವನೇ ತನ್ನ ಕಡೆಯವರಿಂದ ಬೇರೆ ಹೆಸರಿನಲ್ಲಿ ಕೂಗಿಸಿ ಬೆಲೆ ಏರಿಸುವುದುಂಟು. ಸಣ್ಣವರು ಮಾತ್ರ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಹರಾಜು ಸಂಸ್ಥೆಯೊಂದರ ಒಡೆಯನೇ 2013ರಲ್ಲಿ ಕೋರ್ಟಿನ ಮುಂದೆ ತಪ್ಪೊಪ್ಪಿಕೊಂಡ. ಸುಳ್ಳು ಕೂಗು ಕೂಗಿಸಿದ್ದು ಒಂದು. ಹೋನಸ್ ವ್ಯಾಗ್ನರನ ಅತ್ಯಂತ ಹೆಸರುವಾಸಿಯಾದ ಕಾರ್ಡಿನ ಅಂಚನ್ನು ಕತ್ತರಿಸಿ ಹೊಸದರಂತೆ ಮಾಡಿದ್ದನ್ನು ಮುಚ್ಚಿಟ್ಟದ್ದು ಇನ್ನೊಂದು. ಆ ಕಾರ್ಡು 2000ದಲ್ಲಿ ಇಬೇ ಹರಾಜಿನಲ್ಲಿ 12.65 ಲಕ್ಷ ಡಾಲರಿಗೆ ಮಾರಾಟವಾಗಿತ್ತು! 2015ರಲ್ಲಿ ಅವನಿಗೆ 20 ತಿಂಗಳ ಜೈಲಾಯಿತು.

ಕಾರ್ಡಿನ ಮೇಲೆ ಸಹಿ ಸೇರಿತೆಂದರೆ ತಾಪತ್ರಯ ದುಪ್ಪಟ್ಟು. ಕಾರ್ಡು ಅಸಲಿಯೋ ಅಂತಲೂ ನೋಡಬೇಕು, ಸಹಿ ಅಸಲಿಯೋ ಅಂತಲೂ ನೋಡಬೇಕು. 1990ರಲ್ಲಿ ಅಪ್ಪರ್ ಡೆಕ್ ಎಂಬ ಕಂಪನಿ ರೆಜಿ ಜಾಕ್ಸನ್ ಎಂಬ ಆಟಗಾರನ ಕೈಯಿಂದಲೇ 2,500 ಕಾರ್ಡುಗಳಿಗೆ ಸಹಿ ಹಾಕಿಸಿ ಪೊಟ್ಟಣಗಳಲ್ಲಿ ಸೇರಿಸಿತು. ಅಂಥ ಸಹಿಗೆ ಕಂಪನಿಯೇ ಹೊಣೆ. ಆದರೆ ಹಳೆಯ ಆಟಗಾರರ ಕಾರ್ಡುಗಳಿಗೆ ಹಾಗೆ ಹೊಣೆ ಹೊರುವವರಿಲ್ಲ. ಯಾವನೋ ಹುಡುಗ ಮೈದಾನದ ಬೇಲಿಯ ಬಳಿ ನಿಂತು ಹಾಕಿಸಿಕೊಂಡದ್ದು ಅಂತ ನಂಬಬೇಕು, ಇಲ್ಲವೇ ಬಿಡಬೇಕು.

1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ಈ ಸುಳ್ಳು ಸಹಿಗಳ ಹಿಂದೆ ಬಿತ್ತು. ಆ ಕಾರ್ಯಾಚರಣೆಗೆ ಆಪರೇಷನ್ ಬುಲ್‌ಪೆನ್ ಅಂತ ಹೆಸರು. ಟೋನಿ ಗ್ವಿನ್ ಎಂಬ ದೊಡ್ಡ ಆಟಗಾರ ತನ್ನದೇ ತಂಡದ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ತನ್ನದೇ ಸಹಿಗಳನ್ನು ನೋಡಿ, ಇದು ತನ್ನ ಕೈಯದಲ್ಲ ಅಂತ ಎಚ್ಚರಿಸಿದ್ದರು. ತನಿಖೆಯಲ್ಲಿ ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಅವರ ಸಹಿ ಇರುವ ಬೇಸ್‌ಬಾಲ್ ಚೆಂಡುಗಳೂ ಇದ್ದವು! ಕಲ್ಕತ್ತದ ಆ ತಾಯಿ ಬೇಸ್‌ಬಾಲ್ ಚೆಂಡಿಗೆ ಸಹಿ ಹಾಕುತ್ತಾ ಕೂತಿದ್ದರು ಅಂತ ನಂಬುವವರಿಗೆ ಏನು ಹೇಳುವುದು?

ಅಸಲಿ ನಕಲಿ ಪತ್ತೆ ಮಾಡುವ ಬಗೆ ಕೇಳಿದಾಗ ನಮಗೆ ನಿಜಕ್ಕೂ ಖುಷಿಯಾಯಿತು, ಯಾಕೆಂದರೆ ಅದರಲ್ಲಿ ಅರ್ಧ ಸಾಮಾನ್ಯ ಜ್ಞಾನ. ಬೇಬ್ ರೂತ್ ಎಂಬ ಮಹಾ ಆಟಗಾರ ತೀರಿಕೊಂಡದ್ದು 1948ರಲ್ಲಿ. ಶಾರ್ಪಿ ಎಂಬ ಮಾರ್ಕರ್ ಪೆನ್ನು ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಹಾಗಾದರೆ ಶಾರ್ಪಿಯಲ್ಲಿ ಬರೆದ ಬೇಬ್ ರೂತ್ ಸಹಿ ಎಲ್ಲಿಂದ ಬಂತು? ಇನ್ನರ್ಧ ಕಣ್ಣಿನ ಕೆಲಸ. ತನ್ನ ಹೆಸರನ್ನು ಸಾವಿರ ಸಲ ಬರೆದವನ ಕೈ ಓಡುತ್ತದೆ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಕೊನೆಗೆ ಬಾಲದ ಹಾಗೆ ಎಳೆದು ಬಿಡುತ್ತದೆ. ಇನ್ನೊಬ್ಬರ ಹೆಸರನ್ನು ನೋಡಿ ನೋಡಿ ಹಾಕುವವನ ಕೈ ನಿಧಾನ. ನಡುವೆ ಪೆನ್ನು ಎತ್ತುತ್ತಾನೆ, ಮತ್ತೆ ಇಡುತ್ತಾನೆ. ಗೆರೆ ಎಲ್ಲ ಕಡೆ ಒಂದೇ ದಪ್ಪ, ಸ್ವಲ್ಪ ನಡುಕ.

ಇದು ಮಾಷ್ಟ್ರುಗಳಿಗೆ ಯಾರು ಕಲಿಸಬೇಕು? ಇಷ್ಟು ವರ್ಷದಲ್ಲಿ ಅಪ್ಪನ ಸಹಿಯನ್ನು ಮಗನೇ ಹಾಕಿದ ಎಷ್ಟು ಪ್ರೋಗ್ರೆಸ್ ಕಾರ್ಡು ನೋಡಿಲ್ಲ ನಾವು!

ಕಳೆದ ವರ್ಷ ನಮ್ಮ ಶಿಷ್ಯನಿಗೆ ಒಂದು ಕಾರ್ಡು ಬೇಕೇ ಬೇಕು ಅನಿಸಿತು. ರೊಬೆರ್ತೊ ಕ್ಲೆಮೆಂಟೆ ಎಂಬ ಆಟಗಾರನದ್ದು. ಈತನ ಕಥೆಯನ್ನು ನೀವು ನಿಮ್ಮ ಮಕ್ಕಳಿಗೆ ಹೇಳಲೇಬೇಕು. ಪೋರ್ಟೊರಿಕೊ ದ್ವೀಪದ ಕಪ್ಪು ಹುಡುಗ, ಮನೆಮಾತು ಸ್ಪ್ಯಾನಿಷ್. 1955ರಿಂದ 1972ರವರೆಗೆ 18 ಸೀಸನ್ ಒಂದೇ ತಂಡಕ್ಕೆ, ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಆಡಿದ. 1972ರ ಸೆಪ್ಟೆಂಬರ್ 30ರಂದು ತನ್ನ 3,000ನೇ ಹಿಟ್ ಹೊಡೆದ. ಅದೇ ವರ್ಷ ಡಿಸೆಂಬರಿನಲ್ಲಿ ನಿಕರಾಗುವ ದೇಶದ ಮನಾಗುವ ನಗರದಲ್ಲಿ ಭೂಕಂಪವಾಯಿತು. ಈತ ಪರಿಹಾರದ ಸಾಮಾನು ಸಂಗ್ರಹಿಸಿ ಕಳಿಸಿದ. ಕಳಿಸಿದ್ದು ಕಷ್ಟದಲ್ಲಿದ್ದವರಿಗೆ ಮುಟ್ಟುತ್ತಿಲ್ಲ ಅಂತ ಕೇಳಿದಾಗ, ತಾನೇ ಜೊತೆಗೆ ಹೋಗುತ್ತೇನೆ ಅಂತ ಡಿಸೆಂಬರ್ 31ರ ರಾತ್ರಿ ವಿಮಾನ ಹತ್ತಿದ. ವಿಮಾನ ಸಮುದ್ರಕ್ಕೆ ಬಿತ್ತು. ದೇಹವೂ ಸಿಗಲಿಲ್ಲ. ಆಗ ವಯಸ್ಸು 38. ಪಿಟ್ಸ್‌ಬರ್ಗಿನ ಒಂದು ಸೇತುವೆಗೆ ಈಗ ಅವನ ಹೆಸರಿದೆ.

ಇನ್ನೊಂದು ಸಂಗತಿ ನಮ್ಮಂಥ ಗಡಿನಾಡಿನವರಿಗೆ ನಾಟುವಂಥದ್ದು. ಅವನ ಹೆಸರು ರೊಬೆರ್ತೊ. ಆದರೆ ಅಮೆರಿಕದವರ ಬಾಯಿಗೆ ಸುಲಭವಾಗಲಿ ಅಂತ 1957ರಿಂದ 1969ರವರೆಗೆ ಟಾಪ್ಸ್ ಕಂಪನಿಯವರು ಅವನ ಕಾರ್ಡುಗಳಲ್ಲಿ ಬಾಬ್ ಕ್ಲೆಮೆಂಟೆ ಅಂತಲೇ ಅಚ್ಚು ಹಾಕಿದರು. ಅವನಿಗೆ ಅದು ಇಷ್ಟವಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ಊರಿನ ಬೋರ್ಡಿನಲ್ಲಿ ಮತ್ತೊಂದು ಹೆಸರು ನೋಡಿ ಬೆಳೆದ ನಮ್ಮ ಹುಡುಗನಿಗೆ ಇದು ತಟ್ಟಿತು. "ಮಾಷ್ಟ್ರೇ, ಮೇಲೆ ಬಾಬ್ ಅಂತ ಅಚ್ಚಾಗಿರುವ ಕಾರ್ಡು, ಅದರ ಮೇಲೆ ಅವನೇ ಕೈಯಾರೆ ರೊಬೆರ್ತೊ ಅಂತ ಬರೆದದ್ದು ಇದ್ದರೆ ಹೇಗಿರುತ್ತದೆ! ಅಂಥದ್ದೊಂದು ಏಲಂಗೆ ಬಂದಿದೆ. ಮಗನ ಹುಟ್ಟುಹಬ್ಬಕ್ಕೆ ಕೊಡಬೇಕು" ಅಂದ.

ನಮ್ಮ ಹುಡುಗ ದಡ್ಡನಲ್ಲ. ಅದಕ್ಕೂ ಮೊದಲು ಕ್ಲೆಮೆಂಟೆಯದೇ 1973ರ ಕಾರ್ಡಿಗೆ ಸಹಿ ಇದೆ ಅಂತ ಒಬ್ಬ ಹಾಕಿದ್ದನಂತೆ. ಸತ್ತ ಮೇಲೆ ಅಚ್ಚಾದ ಕಾರ್ಡಿಗೆ ಸಹಿ ಹಾಕಲು ಬಂದನೇ ಅಂತ ನಕ್ಕು ಬಿಟ್ಟಿದ್ದ. ಆದರೆ ಇದು 1969ರ ಕಾರ್ಡು, ಕಾಲ ಹೊಂದುತ್ತದೆ. ಜೊತೆಗೆ ಸರ್ಟಿಫಿಕೇಟೂ ಇತ್ತು. ಆ ಸೋಮವಾರ ನಾವು ಫೋನು ಹಿಡಿದು ಕೂತಿದ್ದಾಗಲೇ 425 ಡಾಲರಿಗೆ ಏಲಂ ಅವನ ಹೆಸರಿಗೆ ನಿಂತಿತು. ಕ್ಲೆಮೆಂಟೆಯ ಅಸಲಿ ಸಹಿಗೆ ಅದರ ಹಲವು ಪಟ್ಟು ಬೆಲೆ ಇದೆ. ಇಷ್ಟು ಕಡಿಮೆಗೆ ಸಿಕ್ಕಿತು ಅಂತ ಅವನು ಕುಣಿದ. ಇಷ್ಟು ಕಡಿಮೆಗೆ ಯಾಕೆ ಸಿಕ್ಕಿತು ಅಂತ ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಕಾರ್ಡು ಬಂತು. ಹುಟ್ಟುಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು. ಸಹಿ ಪರೀಕ್ಷಿಸುವ ಸಂಸ್ಥೆಗಳಿವೆ ಅಲ್ಲಿ. ಶುಲ್ಕ ಕೊಟ್ಟರೆ ನೋಡಿ, ಅಸಲಿ ಅಂತ ಕಂಡರೆ ನಂಬರು ಹಾಕಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತಾರೆ. ಅಂಥ ಒಂದಕ್ಕೆ ಕಳಿಸಿದ. ವಾರಗಟ್ಟಲೆ ಕಾದ ಮೇಲೆ ಉತ್ತರ ಬಂತು: ಅಸಲಿ ಅಂತ ಹೇಳಲು ಸಾಧ್ಯವಿಲ್ಲ. ಅಷ್ಟರಲ್ಲಿ ಮಾಲು ಹಿಂತಿರುಗಿಸುವ ಅವಧಿ ಮುಗಿದಿತ್ತು. ಆಮೇಲೆ ಕೂತು ಓದಿದರೆ, ಆ ಸರ್ಟಿಫಿಕೇಟನ್ನು ಕೊಟ್ಟವನು ಮಾರಿದವನೇ! ನಮ್ಮ ಹಾಲಿಗೆ ನೀರು ಬೆರೆಸಿಲ್ಲ ಅಂತ ಹಾಲಿನವನೇ ಬರೆದುಕೊಟ್ಟ ಹಾಗೆ.

ಅವನು ವಾಟ್ಸಾಪಿನಲ್ಲಿ ಎರಡು ಚಿತ್ರ ಕಳಿಸಿದ. ಒಂದು ಸಂದೇಹವಿಲ್ಲದ ಕ್ಲೆಮೆಂಟೆ ಸಹಿ, ಇನ್ನೊಂದು ಅವನ ಕಾರ್ಡಿನದ್ದು. ದೊಡ್ಡದು ಮಾಡಿ ನೋಡಿದೆವು. ಪಕ್ಕಪಕ್ಕ ಇಟ್ಟರೆ ಅಕ್ಷರದ ಆಕಾರ ಹೆಚ್ಚು ಕಡಿಮೆ ಒಂದೇ. ಆದರೆ ಅವನದ್ದರಲ್ಲಿ ಗೆರೆ ಎರಡು ಮೂರು ಕಡೆ ತಡವರಿಸಿ ನಿಂತಿತ್ತು. ಕೊನೆಯ ಅಕ್ಷರ ಓಡುವ ಬದಲು ಕೂತಿತ್ತು. ನಮ್ಮ ಬಾಯಿಗೆ ಬಂದದ್ದನ್ನು ಹೇಳಿದೆವು: "ಇದು ಬರೆದ ಸಹಿ ಅಲ್ಲ ಮಾರಾಯ, ಬಿಡಿಸಿದ ಸಹಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನು ಕಟ್ಟಾಯಿತೋ ಅಂದುಕೊಂಡೆವು. ಆಮೇಲೆ ನಿಧಾನವಾಗಿ ಹೇಳಿದ: "ಮಾಷ್ಟ್ರೇ, ಇದೇ ಮಾತು ನೀವು ನನಗೆ ಏಳನೇ ಕ್ಲಾಸಿನಲ್ಲಿ ಹೇಳಿದ್ದಿರಿ."

ನಮಗೆ ನೆನಪಿರಲಿಲ್ಲ. ಅವನಿಗೆ ಇತ್ತು.

2001ರ ಓಣಂ ಪರೀಕ್ಷೆಯ ನಂತರದ ಪ್ರೋಗ್ರೆಸ್ ಕಾರ್ಡು. ರಕ್ಷಕರ ಸಹಿ ಅಂತ ಇರುವಲ್ಲಿ ಅಪ್ಪನ ಹೆಸರಿನ ಸಹಿ. ನಾವು ನೋಡಿ ಹಿಡಿದೆವು. ಆಗ ನಮಗೂ ಕೆಲಸಕ್ಕೆ ಸೇರಿ ಎರಡು ವರ್ಷ, ಶಿಸ್ತಿನ ಹುಮ್ಮಸ್ಸು. ಅವನನ್ನು ತರಗತಿಯ ಎದುರು ನಿಲ್ಲಿಸಿ, ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡಿ, ಇದು ಬರೆದ ಸಹಿ ಅಲ್ಲ, ಬಿಡಿಸಿದ ಸಹಿ" ಅಂದೆವಂತೆ. ಮಕ್ಕಳು ನಕ್ಕರಂತೆ. ಕೆಂಪು ಶಾಯಿಯಲ್ಲಿ ಆ ಸಹಿಗೆ ಗೀಟು ಹಾಕಿ ಪಕ್ಕದಲ್ಲಿ ನಮ್ಮ ಸಹಿ ಹಾಕಿದೆವಂತೆ. ಒಂದು ಪೀರಿಯಡ್ ಪೂರ್ತಿ ಅವನು ಅಲ್ಲೇ ನಿಂತಿದ್ದ.

ಯಾಕೆ ಹಾಗೆ ಮಾಡಿದೆ ಅಂತ ನಾವು ಕೇಳಲಿಲ್ಲ. ಮೊನ್ನೆ, ಇಪ್ಪತ್ತು ವರ್ಷಕ್ಕೂ ಮೇಲೆ, ಅವನೇ ಹೇಳಿದ. ಅಪ್ಪ ಗಲ್ಫಿಗೆ ಹೋದವರು ಎರಡು ವರ್ಷದಿಂದ ಕಾಗದ ಬರೆದಿರಲಿಲ್ಲ, ಹಣ ಕಳಿಸಿರಲಿಲ್ಲ. ಅಮ್ಮ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಅಮ್ಮನಿಗೆ ಓದು ಬರಹ ಇಲ್ಲ, ಬೀಡಿ ಬ್ರಾಂಚಿನಲ್ಲಿ ಹೆಬ್ಬೆಟ್ಟು. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ಎಂದು ಘೋಷಣೆಯಾಗಿತ್ತಲ್ಲ, ಅದನ್ನು ನಾವೇ ಪಾಠದಲ್ಲಿ ಹೆಮ್ಮೆಯಿಂದ ಹೇಳಿದ್ದೆವು. ಎಲ್ಲರಿಗೂ ಓದು ಬರುವ ರಾಜ್ಯದಲ್ಲಿ ತನ್ನ ಅಮ್ಮನದೊಂದೇ ಹೆಬ್ಬೆಟ್ಟು ಅಂತ ಹನ್ನೆರಡು ವರ್ಷದ ಹುಡುಗನಿಗೆ ಅನಿಸಿತು. ಅಮ್ಮ ಶಾಯಿಯ ಡಬ್ಬಿ ಎಲ್ಲಿ ಅಂತ ಕೇಳಿದಾಗ, ಬೇಡ ಅಂದ. ಅಪ್ಪನ ಹಳೆಯ ಕಾಗದವೊಂದನ್ನು ಎದುರಿಗಿಟ್ಟುಕೊಂಡು ಆ ಸಹಿಯನ್ನು ನೋಡಿ ನೋಡಿ ಹಾಕಿದ. ಹಾಗೆ ಹಾಕಿದರೆ ಅಪ್ಪ ಮನೆಯಲ್ಲಿದ್ದಾರೆ ಅಂತಲೂ ಆಯಿತು, ಅಮ್ಮನ ಮಾನವೂ ಉಳಿಯಿತು. ಅದು ಅವನ ಲೆಕ್ಕ.

ಆ ದಿನ ನಮಗೆ ಶಾಲೆಯಲ್ಲಿ ಪಾಠ ಮಾಡಲು ಮನಸ್ಸಾಗಲಿಲ್ಲ. ಹಣಕ್ಕಾಗಿ ಸತ್ತವನ ಹೆಸರನ್ನು ಬಿಡಿಸುವವನ ಗೆರೆಯೂ ನಡುಗುತ್ತದೆ, ಮನೆಯ ಮಾನಕ್ಕಾಗಿ ಅಪ್ಪನ ಹೆಸರನ್ನು ಬಿಡಿಸುವ ಮಗುವಿನ ಗೆರೆಯೂ ನಡುಗುತ್ತದೆ. ಗೆರೆ ನೋಡಿದರೆ ಯಾರು ಬರೆಯಲಿಲ್ಲ ಅನ್ನುವುದು ತಿಳಿಯುತ್ತದೆ, ಅಷ್ಟೇ. ಯಾಕೆ ಅನ್ನುವುದು ಗೆರೆಯಲ್ಲಿ ಇರುವುದಿಲ್ಲ. ಪರೀಕ್ಷಿಸುವ ಸಂಸ್ಥೆಯವರ ಕೆಲಸ ಅಲ್ಲಿಗೆ ಮುಗಿಯಿತು, ಅವರಿಗೆ ಕಾರ್ಡು ಮಾತ್ರ ಮುಂದಿರುತ್ತದೆ. ನಮ್ಮ ಮುಂದೆ ಕಾರ್ಡಿನ ಜೊತೆ ಹುಡುಗನೂ ನಿಂತಿದ್ದ.

"ತಪ್ಪಾಯಿತು ಮಗಾ" ಅಂದೆವು. "ಅಯ್ಯೋ ಬಿಡಿ ಮಾಷ್ಟ್ರೇ, ನಾನು ಹಾಕಿದ್ದು ಸುಳ್ಳು ಸಹಿಯೇ ಅಲ್ಲವಾ" ಅಂತ ನಕ್ಕ. ಆಮೇಲೆ ಅವನೇ ಹೇಳಿದ ಒಂದು ವಿಷಯ ನಮ್ಮ ತಲೆಯಲ್ಲಿ ಉಳಿಯಿತು. ಸುಳ್ಳು ಸಹಿಗಳ ಹಗರಣದ ನಂತರ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನವರು 2001ರಲ್ಲಿ ಒಂದು ವ್ಯವಸ್ಥೆ ತಂದರಂತೆ. ಅವರ ಕಡೆಯ ಒಬ್ಬ ಮನುಷ್ಯ ಆಟಗಾರನ ಪಕ್ಕದಲ್ಲೇ ನಿಂತು, ಸಹಿ ಹಾಕುವುದನ್ನು ಕಣ್ಣಾರೆ ನೋಡಿ, ನಂಬರಿರುವ ಹೊಳೆಯುವ ಚೀಟಿ ಅಂಟಿಸುತ್ತಾನೆ. ನೋಡದೇ ಇದ್ದದ್ದಕ್ಕೆ ಎಷ್ಟು ಚಂದ ಕಂಡರೂ ಚೀಟಿ ಇಲ್ಲ. ಆಮೇಲೆ ಕೂತು ಪರೀಕ್ಷೆ ಮಾಡುವುದಕ್ಕಿಂತ ಹಾಕುವಾಗ ಹತ್ತಿರ ಇರುವುದು ಮೇಲು ಅಂತ ಅವರಿಗೆ ಅರ್ಥವಾಯಿತು. ಅದೇ 2001ರಲ್ಲಿ ನಾವು ಆ ಹುಡುಗನ ಮನೆಯ ದಾರಿಯನ್ನೂ ತಿಳಿದಿರಲಿಲ್ಲ. ಶಾಲೆಯಿಂದ ಹದಿನೈದು ನಿಮಿಷದ ನಡಿಗೆ.

ಕಳೆದ ಡಿಸೆಂಬರಿನಲ್ಲಿ ಅವನು ಹೆಂಡತಿ ಮಗನೊಂದಿಗೆ ಊರಿಗೆ ಬಂದ. ಆ ಬಾರಿ ದಾರಿ ಕೇಳಿಕೊಂಡು ನಾವೇ ಅವರ ಮನೆಗೆ ಹೋದೆವು. ಹಂಚಿನ ಮನೆ ಹೋಗಿ ಟೆರೇಸು ಬಂದಿದೆ. ಅಪ್ಪ ಮತ್ತೆ ಬರಲಿಲ್ಲ. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅಮ್ಮ ಬೀಡಿ ಬಿಟ್ಟು ಹತ್ತು ವರ್ಷವಾಯಿತಂತೆ. "ಮಾಷ್ಟ್ರು ಬಂದರು" ಅಂತ ಕುರ್ಚಿ ಒರೆಸಿ ಕೂರಿಸಿದರು. ಬೆಲ್ಲದ ಚಹಾ ಕೊಟ್ಟರು. ಮಾತಿನ ನಡುವೆ ಅವರು ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಮಗನ ಎಲ್ಲ ಕಾಗದ ಅದರಲ್ಲಿ. ಆ ಏಳನೇ ತರಗತಿಯ ಪ್ರೋಗ್ರೆಸ್ ಕಾರ್ಡೂ ಇತ್ತು. ಬಣ್ಣ ಮಾಸಿದೆ. ಕೆಂಪು ಗೀಟು ಮಾತ್ರ ಹಾಗೆಯೇ ಇದೆ.

ನಮ್ಮ ಸಹಿಯನ್ನು ನಾವೇ ನೋಡಲಾರದೆ ಹೋದೆವು. ಆಮೇಲೆ ಆ ತಾಯಿಯನ್ನು ಕೇಳಿದೆವು, "ಅಮ್ಮಾ, ಇಲ್ಲಿ ಒಂದು ಹೆಬ್ಬೆಟ್ಟು ಹಾಕುತ್ತೀರಾ?" ಅವರಿಗೆ ಅರ್ಥವಾಗಲಿಲ್ಲ. ಮಗ ತುಳುವಿನಲ್ಲಿ ವಿವರಿಸಿದ. ಇಷ್ಟು ವರ್ಷ ಅವರಿಗೆ ಆ ಕಥೆಯೇ ಗೊತ್ತಿರಲಿಲ್ಲ. ಕೇಳಿ ಮಗನ ಬೆನ್ನಿಗೊಂದು ಗುದ್ದಿದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೆನ್ನಿನ ಶಾಯಿಯನ್ನೇ ಬೆರಳಿಗೆ ಹಚ್ಚಿಕೊಂಡು ಕೆಂಪು ಗೀಟಿನ ಕೆಳಗೆ ಒತ್ತಿದರು. ಅದರ ಪಕ್ಕದಲ್ಲಿ ನಾವು "ನಮ್ಮ ಎದುರಿನಲ್ಲಿ ಹಾಕಿದ್ದು" ಅಂತ ಬರೆದು, ತಾರೀಕು ಹಾಕಿ, ಸಹಿ ಮಾಡಿದೆವು. ಮೊಮ್ಮಗ ಬಗ್ಗಿ ನೋಡಿ, ಇದನ್ನು ಪ್ಲಾಸ್ಟಿಕ್ ಕವಚದಲ್ಲಿ ಹಾಕಬೇಕು ಅಂತ ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ನಕ್ಕೆವು.

ಆ ಸುಳ್ಳು ಕ್ಲೆಮೆಂಟೆ ಏನಾಯಿತು ಅಂತ ಕೇಳಿದೆವು. ಮಾರಿಲ್ಲವಂತೆ. ಮಾರಿದರೆ ಇನ್ನೊಬ್ಬನಿಗೆ ಮೋಸ ಅಂತ ಹಿಂಬದಿಯಲ್ಲಿ ನಕಲಿ ಅಂತ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದಾನೆ. ಹುಟ್ಟುಹಬ್ಬಕ್ಕೆ ಮಗನನ್ನು ಪೈರೇಟ್ಸ್ ತಂಡದ ಆಟಕ್ಕೆ ಬೇಗನೆ ಕರೆದುಕೊಂಡು ಹೋದ. ಆಟಕ್ಕೆ ಮೊದಲು ಬೇಲಿಯ ಬಳಿ ನಿಂತರೆ ಕೆಲವು ಆಟಗಾರರು ಬಂದು ಸಹಿ ಹಾಕುತ್ತಾರೆ. ಅಷ್ಟೇನೂ ಹೆಸರಿಲ್ಲದ ಒಬ್ಬ ಯುವ ಆಟಗಾರ ಮಗುವಿನ ಕಾರ್ಡಿಗೆ ಸಹಿ ಹಾಕಿ, ಹೆಸರು ಕೇಳಿ, ತಲೆ ಸವರಿ ಹೋದನಂತೆ. ಏಲಂಗೆ ಹಾಕಿದರೆ ಐದು ಡಾಲರೂ ಬರಲಿಕ್ಕಿಲ್ಲ. ಹುಡುಗ ಅದನ್ನು ದಿಂಬಿನ ಕೆಳಗೆ ಇಟ್ಟು ಮಲಗುತ್ತಾನಂತೆ.

ಅಂದ ಹಾಗೆ, ಇದೇ ಪೈರೇಟ್ಸ್ ತಂಡ 2008ರ ನವೆಂಬರಿನಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಎಸೆತಗಾರ ಹುಡುಗರೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಚೆಂಡು ಎಸೆಯುವ ಸ್ಪರ್ಧೆಯೊಂದರಲ್ಲಿ ಗೆದ್ದು ಹೋದವರು. ಹಳ್ಳಿಶಾಲೆಯ ಮಕ್ಕಳ ಕೈಗೆ ಏನೇನು ದಾರಿ ಇದೆ ಅಂತ ಹೇಳಲು ನಾವು ತರಗತಿಯಲ್ಲಿ 2014ರ 'ಮಿಲಿಯನ್ ಡಾಲರ್ ಆರ್ಮ್' ಸಿನಿಮಾದ ಕಥೆ ಹೇಳುವುದುಂಟು.

ನಿಮ್ಮ ಮಕ್ಕಳೋ ನೆಂಟರೋ ಇಂಥ ಏಲಂಗೆ ಇಳಿಯುವವರಿದ್ದರೆ ನಮ್ಮ ಶಿಷ್ಯ 425 ಡಾಲರ್ ಕೊಟ್ಟು ಕಲಿತದ್ದನ್ನು ಪುಕ್ಕಟೆಯಾಗಿ ಹೇಳಿ. ಮಾರುವವನೇ ಕೊಟ್ಟ ಸರ್ಟಿಫಿಕೇಟಿಗೆ ಬೆಲೆ ಇಲ್ಲ. ಪರೀಕ್ಷಾ ಸಂಸ್ಥೆಯ ನಂಬರಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲಿ ನಂಬರು ಹಾಕಿ ತಾಳೆ ನೋಡಿ. ಸಹಿ, ಪೆನ್ನು, ಕಾರ್ಡು ಮೂರರ ಕಾಲವೂ ಹೊಂದುತ್ತದೆಯೇ ನೋಡಿ. ಹಿಂತಿರುಗಿಸುವ ಅವಧಿ ಎಷ್ಟು ದಿನ ಅಂತ ಕೂಗುವ ಮೊದಲೇ ಓದಿ. ಗರಿಷ್ಠ ಎಷ್ಟು ಅಂತ ಹಗಲಿನಲ್ಲಿ ತೀರ್ಮಾನಿಸಿ, ರಾತ್ರಿಯ ಹಟದಲ್ಲಿ ಅಲ್ಲ. ತೀರಾ ಅಗ್ಗಕ್ಕೆ ಸಿಕ್ಕಿದರೆ ಖುಷಿಪಡುವ ಮೊದಲು ಯಾಕೆ ಅಂತ ಕೇಳಿ.

ಮಾಷ್ಟ್ರುಗಳಿಗೂ ಟೀಚರುಗಳಿಗೂ ನಮ್ಮದು ಒಂದೇ ಮಾತು. ಈ ಬಾರಿ ಕಾರ್ಡು ಕೊಡುವಾಗ ನಾವು ಮಕ್ಕಳಿಗೆ ಮೊದಲೇ ಹೇಳಿದೆವು: ಸಹಿ ಬಾರದವರ ಹೆಬ್ಬೆಟ್ಟೂ ಸಹಿಯೇ, ಅಜ್ಜಿಯದ್ದಾದರೂ ಸರಿ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಖಾಲಿ ಬಿಟ್ಟು ತನ್ನಿ, ನಾವು ಬಂದು ಮಾತಾಡುತ್ತೇವೆ. ಮೊನ್ನೆ ಬಂದ ಕಟ್ಟಿನಲ್ಲಿ ಎರಡು ಹೆಬ್ಬೆಟ್ಟು ಇದ್ದವು. ಒಂದು ಖಾಲಿ ಇತ್ತು. ಆ ಮನೆಗೆ ಈ ಶನಿವಾರ ಹೋಗಬೇಕು.

ನಿಮ್ಮ ಶಾಲೆಗಳಲ್ಲಿ ಹೇಗೆ ಮಾಡುತ್ತೀರಿ? ತಿಳಿಸಿ. ಮತ್ತೆ ಸಿಗೋಣ.